ಥ್ರ್ಯಾಶ್ ಬೆಳೆದದ್ದು ಅಂಚೆಯಲ್ಲಿ ಬಂದ ಕ್ಯಾಸೆಟ್‌ಗಳಿಂದ

ಪ್ರಶ್ನೆ: ನನಗೆ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಚೆನ್ನಾಗಿ ಗೊತ್ತು. ಥ್ರ್ಯಾಶ್ ಮೆಟಲ್ ಶುರು ಮಾಡಿದ್ದು ಮೆಟಾಲಿಕಾ ಅಂತ ಸ್ನೇಹಿತರು ಹೇಳುತ್ತಾರೆ. ಅದು ನಿಜವಾ? ಈ ನಾಲ್ಕು ಬ್ಯಾಂಡ್ ಬಿಟ್ಟು ಇನ್ನು ಯಾರನ್ನು ಕೇಳಬೇಕು? ನಮ್ಮಣ್ಣ ‘ಇದೆಲ್ಲ ಬರೀ ಗದ್ದಲ, ಎಲ್ಲಾ ಒಂದೇ ಥರ ಕೇಳಿಸುತ್ತೆ’ ಅಂತಾನೆ. ಅವನಿಗೆ ಏನು ಕೇಳಿಸಲಿ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಥ್ರ್ಯಾಶನ್ನು, ಅಂದರೆ ಹೆವಿ ಮೆಟಲ್‌ನ ಈ ಅತಿವೇಗದ ಒರಟು ಬಗೆಯನ್ನು, ಮೆಟಾಲಿಕಾದವರೊಬ್ಬರೇ ಹುಟ್ಟುಹಾಕಲಿಲ್ಲ. 1983ರ ಜುಲೈನಲ್ಲಿ ಬಂದ ಅವರ ‘ಕಿಲ್ ಎಮ್ ಆಲ್’ ಈ ಸಂಗೀತದ ಮೊದಲ ಪೂರ್ತಿ ಆಲ್ಬಮ್ ಅಂತ ಬಹಳ ಜನ ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಅದರೊಳಗಿನ ಸಾಮಾನು ಬಂದಿದ್ದು ಬೇರೆ ಬೇರೆ ಊರುಗಳಿಂದ. ಅದರಲ್ಲಿ ಬಹುಪಾಲನ್ನು ಹೊತ್ತು ತಂದಿದ್ದು ಪೋಸ್ಟಿನಲ್ಲಿ ಓಡಾಡಿದ ಕ್ಯಾಸೆಟ್‌ಗಳು. ಇದನ್ನು ಹಿಡಿದುಕೊಂಡು ಹೊರಟರೆ ನಿಮ್ಮ ಎರಡನೇ ಪ್ರಶ್ನೆಗೂ ದಾರಿ ಸಿಗುತ್ತದೆ. ಕೆಲವು ಬ್ಯಾಂಡ್‌ಗಳು ಮನೆಮಾತಾಗಿ, ಅಷ್ಟೇ ಒಳ್ಳೆಯ ಇನ್ನು ಕೆಲವು ಯಾಕೆ ಮೂಲೆಗೆ ಸರಿದವು ಅನ್ನುವುದು ಆಗ ಅರ್ಥವಾಗುತ್ತದೆ.

ಇಂಗ್ಲೆಂಡಿನಿಂದ ಶುರು ಮಾಡೋಣ. 1979ರಲ್ಲಿ ಮೋಟರ್‌ಹೆಡ್ ‘ಓವರ್‌ಕಿಲ್’ ಅನ್ನುವ ಹಾಡು ಮಾಡಿತು. ಡ್ರಮ್ಮರ್ ಫಿಲ್ ಟೇಲರ್ ಎರಡು ಕಾಲಲ್ಲಿ ಎರಡು ಬೇಸ್ ಡ್ರಮ್ ಬಿಡದೆ ಒದೆಯುತ್ತಾರೆ. ಹಾಡು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಮತ್ತೆ ಮುಗಿದು, ಮತ್ತೆ ಶುರುವಾಗುತ್ತದೆ. ಅದೇ ಹೊತ್ತಿಗೆ ಅಲ್ಲಿ ಹೆವಿ ಮೆಟಲ್‌ನ ಹೊಸ ಅಲೆಯೊಂದು ಎದ್ದಿತ್ತು. ಸ್ಟೌರ್‌ಬ್ರಿಜ್ ಅನ್ನುವ ಸಣ್ಣ ಊರಿನ ಡೈಮಂಡ್ ಹೆಡ್ 1980ರಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. ಒಂದೇ ಹಾಡಿನಲ್ಲಿ ಹತ್ತಾರು ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಪೋಣಿಸುವ ಬಗೆ ಅವರದು. ನ್ಯೂಕಾಸಲ್‌ನ ವೆನಮ್ 1981ರಲ್ಲಿ ‘ವೆಲ್‌ಕಮ್ ಟು ಹೆಲ್’ ತಂದರು. ವೆನಮ್ ನುಡಿಸಾಣಿಕೆ ಒರಟು, ರೆಕಾರ್ಡಿಂಗ್ ಇನ್ನೂ ಒರಟು. ಆದರೆ ಆ ಒರಟುತನವೇ ಎಷ್ಟೋ ಹುಡುಗರಿಗೆ ‘ನಾವೂ ಮಾಡಬಹುದು’ ಅನ್ನುವ ಧೈರ್ಯ ಕೊಟ್ಟಿತು.

ಇನ್ನೊಂದು ಕಡೆ ಪಂಕ್ ಇತ್ತು, ಅಂದರೆ ಅಲಂಕಾರವಿಲ್ಲದ, ಸಿಟ್ಟಿನ ರಾಕ್ ಸಂಗೀತ. ಸ್ಟೋಕ್-ಆನ್-ಟ್ರೆಂಟ್ ಊರಿನ ಡಿಸ್ಚಾರ್ಜ್ 1982ರಲ್ಲಿ ಮಾಡಿದ ಆಲ್ಬಮ್ ಕೇಳಿ. ಎರಡು ನಿಮಿಷದ ಹಾಡುಗಳು, ಯುದ್ಧದ ವಿರುದ್ಧ ಕೂಗು, ಓಡುತ್ತಲೇ ಇರುವ ಡ್ರಮ್. ಅಮೆರಿಕದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ಬ್ಯಾಡ್ ಬ್ರೇನ್ಸ್ ಥರದ ಹಾರ್ಡ್‌ಕೋರ್ (ಪಂಕ್‌ನ ಇನ್ನೂ ವೇಗದ ಬಗೆ) ಬ್ಯಾಂಡ್‌ಗಳು ಇದೇ ವೇಗದಲ್ಲಿದ್ದವು. ಈ ಎರಡು ಹಳ್ಳ ಸೇರಿ ಹೊಳೆಯಾದದ್ದೇ ಥ್ರ್ಯಾಶ್. ಮೆಟಲ್‌ನಿಂದ ಉದ್ದದ ಹಾಡು, ಗಿಟಾರಿನ ಕಸುಬು ಬಂತು. ಪಂಕ್‌ನಿಂದ ವೇಗ ಮತ್ತು ಸಿಟ್ಟು ಬಂತು.

ಇಲ್ಲಿ ಸ್ವಲ್ಪ ಕಸುಬಿನ ವಿಷಯ ಹೇಳಬೇಕು. ನಿಮ್ಮಣ್ಣನ ಮಾತಿಗೆ ಉತ್ತರ ಇರುವುದು ಇಲ್ಲೇ. ಥ್ರ್ಯಾಶ್ ಗಿಟಾರಿನ ಗುಟ್ಟು ಬಲಗೈಯಲ್ಲಿದೆ. ಅಂಗೈಯ ಅಂಚನ್ನು ತಂತಿಗಳ ಬುಡದ ಹತ್ತಿರ, ಅವನ್ನು ಹೊತ್ತ ಬ್ರಿಜ್ ಅನ್ನುವ ಪಟ್ಟಿಯ ಪಕ್ಕ, ಹಗುರವಾಗಿ ಇಡುತ್ತಾರೆ. ಆಗ ತಂತಿ ಮೊಳಗುವುದಿಲ್ಲ. ಗುಂಡಗೆ, ದಪ್ಪಗೆ ‘ಜುಗ್ ಜುಗ್’ ಅನ್ನುತ್ತದೆ. ಕೈ ಎತ್ತಿದ ತಕ್ಷಣ ಸ್ವರ ಬಿಚ್ಚಿಕೊಳ್ಳುತ್ತದೆ. ಈ ಮುಚ್ಚಿ ತೆರೆಯುವ ಆಟದಿಂದಲೇ ರಿಫ್ ಹುಟ್ಟುತ್ತದೆ. ಜೊತೆಗೆ ತಂತಿ ಮೀಟುವ ಪಿಕ್ಕನ್ನು ಕೆಳಮುಖವಾಗಿ ಮಾತ್ರ ಹೊಡೆಯುವುದು. ಮೇಲೆ ಕೆಳಗೆ ಎರಡೂ ಕಡೆ ಹೊಡೆದರೆ ಕೈಗೆ ಸುಲಭ, ಆದರೆ ಪೆಟ್ಟಿನಲ್ಲಿ ಆ ಕಚ್ಚು ಇರುವುದಿಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ ನಿಮಿಷಕ್ಕೆ 200ಕ್ಕೂ ಜಾಸ್ತಿ ಬೀಟಿನ ಹಾಡು. ಅದರ ಮುಖ್ಯ ರಿಫ್ಫನ್ನು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಕೆಳಮುಖವಾಗಿಯೇ ನುಡಿಸುತ್ತಾರೆ. ಗಿಟಾರ್ ಇದ್ದರೆ ಒಂದು ನಿಮಿಷ ಪ್ರಯತ್ನಿಸಿ ನೋಡಿ, ಮೊಣಕೈವರೆಗೂ ಉರಿ ಹತ್ತುತ್ತದೆ.

ಇನ್ನು ಡ್ರಮ್. ಕರ್ನಾಟಕ ಸಂಗೀತದಲ್ಲಿ ತಾಳ ಹಾಗೇ ಇದ್ದು ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋಗುತ್ತಾರಲ್ಲ, ಹತ್ತಿರ ಹತ್ತಿರ ಅದೇ ಲೆಕ್ಕ ಇಲ್ಲೂ ಇದೆ. ಗಿಟಾರ್ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಸ್ನೇರ್ ಡ್ರಮ್ಮಿನ ಪೆಟ್ಟು ಮಾತ್ರ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿಯುತ್ತದೆ. ಆಗ ಇಡೀ ಹಾಡು ಭಾರವಾಗಿ ನೆಲಕ್ಕೆ ಕೂತ ಹಾಗೆ ಅನ್ನಿಸುತ್ತದೆ. ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಕುಣಿಯುವುದು ಆ ಜಾಗದಲ್ಲಿ. ಗದ್ದಲಕ್ಕೆ ಇಷ್ಟು ಲೆಕ್ಕ ಇರುವುದಿಲ್ಲ, ಅಲ್ವಾ?

ಈಗ ಕ್ಯಾಸೆಟ್ ಕತೆಗೆ ಬರೋಣ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಡೆನ್ಮಾರ್ಕಿನ ಹುಡುಗ. ಅವರ ತಂದೆ ಟೆನಿಸ್ ಆಟಗಾರ. ಕುಟುಂಬ 1980ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕಡೆ ಬಂತು. ಅಲ್ಲಿ ಇಂಗ್ಲೆಂಡಿನ ಹೊಸ ಮೆಟಲ್ ಕೇಳುವವರೇ ಕಡಿಮೆ. 1981ರ ಬೇಸಿಗೆಯಲ್ಲಿ ಲಾರ್ಸ್ ಇಂಗ್ಲೆಂಡಿಗೆ ಹೋಗಿ ಡೈಮಂಡ್ ಹೆಡ್ ಜೊತೆಗೇ ಸುತ್ತಾಡಿದರು, ಅವರ ಮನೆಯಲ್ಲೇ ಉಳಿದರು. ವಾಪಸ್ ಬಂದ ಮೇಲೆ ಹೆಟ್‌ಫೀಲ್ಡ್ ಜೊತೆ ಸೇರಿ ಮೆಟಾಲಿಕಾ ಕಟ್ಟಿದರು. ಶುರುವಿನ ಕಾರ್ಯಕ್ರಮಗಳಲ್ಲಿ ಅವರು ನುಡಿಸುತ್ತಿದ್ದ ಹಾಡುಗಳಲ್ಲಿ ಡೈಮಂಡ್ ಹೆಡ್ ಹಾಡುಗಳೇ ಜಾಸ್ತಿ. 1982ರಲ್ಲಿ ‘ನೋ ಲೈಫ್ ಟಿಲ್ ಲೆದರ್’ ಅನ್ನುವ ಡೆಮೊ ಕ್ಯಾಸೆಟ್, ಅಂದರೆ ಆಲ್ಬಮ್‌ಗೆ ಮುಂಚಿನ ಮಾದರಿ ಕ್ಯಾಸೆಟ್, ಮಾಡಿದರು.

ಆ ಕ್ಯಾಸೆಟ್ಟನ್ನು ಯಾವ ಕಂಪನಿಯೂ ಮಾರಲಿಲ್ಲ. ಕೇಳಿದವರು ಕಾಪಿ ಮಾಡಿದರು, ಇನ್ನೊಬ್ಬರಿಗೆ ಪೋಸ್ಟ್ ಮಾಡಿದರು, ಅವರು ಬದಲಿಗೆ ತಮ್ಮ ಹತ್ತಿರ ಇದ್ದ ಇನ್ನೊಂದು ಡೆಮೊ ಕಳಿಸಿದರು. ಇದಕ್ಕೆ ಟೇಪ್ ಟ್ರೇಡಿಂಗ್ ಅಂತ ಹೆಸರು. ಕೈಯಿಂದ ಬರೆದು ಜೆರಾಕ್ಸ್ ಮಾಡಿದ ಸಣ್ಣ ಪತ್ರಿಕೆಗಳಲ್ಲಿ ವಿಳಾಸಗಳು ಇರುತ್ತಿದ್ದವು. ಅಮೆರಿಕದ ಪೂರ್ವ ತುದಿಯ ನ್ಯೂಜೆರ್ಸಿಯಲ್ಲಿ ಜಾನ್ ಜಜುಲಾ ಮತ್ತು ಮಾರ್ಷಾ ಜಜುಲಾ ಅನ್ನುವ ಗಂಡ ಹೆಂಡತಿ ಹಳೆ ಸಾಮಾನಿನ ಸಂತೆಯೊಂದರಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದರು. ಕ್ಯಾಸೆಟ್ ಅವರ ಅಂಗಡಿಗೂ ತಲುಪಿತು. ಕೇಳಿದವರೇ ಹುಡುಗರನ್ನು ಕರೆಸಿಕೊಂಡರು. ಹುಡುಗರು 1983ರಲ್ಲಿ ಬಾಡಿಗೆ ಟ್ರಕ್ಕಿನಲ್ಲಿ ಇಡೀ ದೇಶ ದಾಟಿ ಬಂದರು. ಆಲ್ಬಮ್ ತರಲು ಯಾವ ಕಂಪನಿಯೂ ಮುಂದೆ ಬರದಿದ್ದಾಗ ಜಜುಲಾ ದಂಪತಿ ಮೆಗಾಫೋರ್ಸ್ ಅನ್ನುವ ಕಂಪನಿಯನ್ನೇ ಶುರು ಮಾಡಿದರು. ಸಂತೆ ಅಂಗಡಿಯಿಂದ ಹುಟ್ಟಿದ ಕಂಪನಿ ಅದು. ಈ ಕತೆ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಗಿಟಾರಿಸ್ಟ್ ಡೇವ್ ಮಸ್ಟೇನ್ ಅವರನ್ನು ಬ್ಯಾಂಡಿನಿಂದ ಕಳಿಸಿದರು. ಆಮೇಲೆ ಅವರು ಮೆಗಾಡೆತ್ ಕಟ್ಟಿದ್ದು ನಿಮಗೆ ಗೊತ್ತು. ಅವರ ಜಾಗಕ್ಕೆ ಬಂದವರು ಕರ್ಕ್ ಹ್ಯಾಮೆಟ್. ಎಲ್ಲಿಂದ ಬಂದರು? ಎಕ್ಸೊಡಸ್‌ನಿಂದ.

ನೀವು ಮೊದಲು ಕೇಳಬೇಕಾದ ಬ್ಯಾಂಡ್ ಇದೇ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳನ್ನು ಬೇ ಏರಿಯಾ ಅನ್ನುತ್ತಾರೆ. ಎಕ್ಸೊಡಸ್ ಅಲ್ಲಿ 1979ರಲ್ಲೇ ಶುರುವಾಗಿತ್ತು. ಅಂದರೆ ಮೆಟಾಲಿಕಾಗಿಂತ ಎರಡು ವರ್ಷ ಮುಂಚೆ. ಬರ್ಕ್ಲಿಯ ರೂಥೀಸ್ ಇನ್ ಅನ್ನುವ ಕ್ಲಬ್ಬಿನಲ್ಲಿ ಅವರ ಕಾರ್ಯಕ್ರಮ ಅಂದರೆ ಪಂಕ್ ಹುಡುಗರೂ ಮೆಟಲ್ ಹುಡುಗರೂ ಒಟ್ಟಿಗೆ ಬರುತ್ತಿದ್ದರು. ಅವರ ಮೊದಲ ಆಲ್ಬಮ್ ‘ಬಾಂಡೆಡ್ ಬೈ ಬ್ಲಡ್’ 1984ರ ಬೇಸಿಗೆಯಲ್ಲೇ ರೆಕಾರ್ಡ್ ಆಗಿತ್ತು. ಆದರೆ ಅಂಗಡಿಗೆ ಬಂದಿದ್ದು 1985ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅದರ ಕಾಪಿ ಕ್ಯಾಸೆಟ್‌ಗಳು ಊರೂರು ಸುತ್ತಿ ಮುಗಿದಿದ್ದವು. ಮೆಟಾಲಿಕಾ ಎರಡು ಆಲ್ಬಮ್ ಮುಂದೆ ಹೋಗಿತ್ತು. ಗ್ಯಾರಿ ಹೋಲ್ಟ್ ರಿಫ್‌ಗಳನ್ನು, ಪಾಲ್ ಬಲೋಫ್ ಅವರ ಕೂಗನ್ನು ಕೇಳಿ. ಆಲ್ಬಮ್ ಸಮಯಕ್ಕೆ ಸರಿಯಾಗಿ ಬಂದಿದ್ದರೆ ಇವತ್ತು ನಾವು ನಾಲ್ಕರ ಬದಲು ಐದು ದೊಡ್ಡ ಬ್ಯಾಂಡ್ ಅನ್ನುತ್ತಿದ್ದೆವು ಅಂತ ನನಗೆ ಖಾತ್ರಿಯಿದೆ.

ಆ ನಾಲ್ವರೇ ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೆಟಾಲಿಕಾಗೆ 1984ರಲ್ಲಿ ಎಲೆಕ್ಟ್ರಾ ಅನ್ನುವ ರೆಕಾರ್ಡ್ ಕಂಪನಿ ಸಿಕ್ಕಿತು. ಆಂಥ್ರಾಕ್ಸ್‌ಗೆ ಐಲ್ಯಾಂಡ್, ಮೆಗಾಡೆತ್‌ಗೆ ಕ್ಯಾಪಿಟಲ್, ಸ್ಲೇಯರ್‌ಗೆ ಡೆಫ್ ಜ್ಯಾಮ್. ಹೀಗೆ 1986ರ ಹೊತ್ತಿಗೆ ನಾಲ್ವರ ಹಿಂದೆಯೂ ದುಡ್ಡು, ಜಾಹೀರಾತು, ದೊಡ್ಡ ಅಂಗಡಿಗಳು ಇದ್ದವು. ಎಕ್ಸೊಡಸ್‌ನ ಆಲ್ಬಮ್ ಕ್ಯಾಪಿಟಲ್‌ನಿಂದ ಬಂದಿದ್ದು 1990ರಲ್ಲಿ. ಆಗ ಅಲೆ ಇಳಿಯುತ್ತಿತ್ತು.

‘ಥ್ರ್ಯಾಶ್ ಮೆಟಲ್’ ಅನ್ನುವ ಹೆಸರು ಬಂದಿದ್ದೂ ಸಂಗೀತ ಹುಟ್ಟಿದ ಮೇಲೆಯೇ. 1984ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ‘ಕೆರ‍್ರಾಂಗ್’ ಪತ್ರಿಕೆಯಲ್ಲಿ ಮಾಲ್ಕಮ್ ಡೋಮ್ ಆಂಥ್ರಾಕ್ಸ್‌ನ ‘ಮೆಟಲ್ ಥ್ರ್ಯಾಶಿಂಗ್ ಮ್ಯಾಡ್’ ಹಾಡಿನ ಬಗ್ಗೆ ಬರೆಯುತ್ತಾ ಈ ಮಾತು ಬಳಸಿದರು. ಅದಕ್ಕೂ ಮುಂಚೆ ಬಹಳ ಜನ ಇದನ್ನು ಸ್ಪೀಡ್ ಮೆಟಲ್ ಅಂತಲೇ ಕರೆಯುತ್ತಿದ್ದರು. ಸ್ಪೀಡ್ ಮೆಟಲ್ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಕೆನಡಾದ ಒಟ್ಟಾವಾ ನಗರದ ಎಕ್ಸೈಟರ್ ಕೇಳಿ. ‘ಹೆವಿ ಮೆಟಲ್ ಮೇನಿಯಾಕ್’ 1983ರ ಆಲ್ಬಮ್. ಡ್ಯಾನ್ ಬೀಲರ್ ಡ್ರಮ್ ಹೊಡೆಯುತ್ತಲೇ ಹಾಡುತ್ತಾರೆ, ಅದೂ ಕೀಚಲು ದನಿಯಲ್ಲಿ. ವೇಗ ಇದೆ, ಪಂಕ್‌ನ ಒರಟುತನ ಅಷ್ಟಾಗಿ ಇಲ್ಲ.

ಕೆನಡಾಕ್ಕೆ ಬಂದ ಮೇಲೆ ವೊಯ್‌ವೊಡ್ ಹತ್ತಿರ ಸ್ವಲ್ಪ ಹೊತ್ತು ಕೂರಲೇಬೇಕು. ನಾನು ಒಂದೇ ಒಂದು ಬ್ಯಾಂಡ್ ಹೇಳಬೇಕು ಅಂದರೆ ಇವರ ಹೆಸರನ್ನೇ ಹೇಳುತ್ತೇನೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಜಾಂಕಿಯೇರ್ ಅನ್ನುವ ಊರಿದೆ. ಫ್ರೆಂಚ್ ಮಾತಾಡುವ ಊರು, ಬಹಳ ಚಳಿ, ಊರಿಗೆಲ್ಲ ಅನ್ನ ಕೊಡುವುದು ಅಲ್ಯುಮಿನಿಯಂ ಕಾರ್ಖಾನೆ. ಆ ಕಾರ್ಖಾನೆಯ ಸದ್ದು ಕೇಳುತ್ತಾ ಬೆಳೆದ ನಾಲ್ವರು ಹುಡುಗರು 1984ರಲ್ಲಿ ‘ವಾರ್ ಅಂಡ್ ಪೇನ್’ ತಂದರು. ಅದರಲ್ಲಿ ವೆನಮ್, ಡಿಸ್ಚಾರ್ಜ್, ಮೋಟರ್‌ಹೆಡ್ ಎಲ್ಲಾ ಕೇಳಿಸುತ್ತದೆ. ಮುಂದೆ ಮೂರ‍್ನಾಲ್ಕು ವರ್ಷದಲ್ಲಿ ಅವರು ಎಲ್ಲರನ್ನೂ ಬಿಟ್ಟು ತಮ್ಮದೇ ದಾರಿ ಹಿಡಿದರು. ‘ಕಿಲ್ಲಿಂಗ್ ಟೆಕ್ನಾಲಜಿ’ 1987ರದು, ‘ಡೈಮೆನ್ಶನ್ ಹಟ್ರಾಸ್’ 1988ರದು. ಗಿಟಾರಿಸ್ಟ್ ಡೆನಿ ದಾಮೂರ್ ಅವರನ್ನು ಎಲ್ಲರೂ ಪಿಗ್ಗಿ ಅನ್ನುತ್ತಿದ್ದರು. ಅವರು ಹಿಡಿಯುವ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬೇರೆ ಯಾರ ಥ್ರ್ಯಾಶ್‌ನಲ್ಲೂ ಸಿಗುವುದಿಲ್ಲ. ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು, ತಣ್ಣಗೆ, ಯಂತ್ರದ ಹಾಗೆ ಕೇಳಿಸುತ್ತವೆ. ‘ಅವೇ’ ಅನ್ನುವ ಅಡ್ಡಹೆಸರಿನ ಡ್ರಮ್ಮರ್ ಆಲ್ಬಮ್‌ಗಳ ಹೊದಿಕೆ ಚಿತ್ರಗಳನ್ನು ತಾವೇ ಬರೆಯುತ್ತಾರೆ. ಪಿಗ್ಗಿ 2005ರಲ್ಲಿ ತೀರಿಹೋದರು. ಬ್ಯಾಂಡ್ ನಿಲ್ಲಲಿಲ್ಲ. ಅದೇ ದೇಶದ ರೇಜರ್ ಮತ್ತು ಸ್ಯಾಕ್ರಿಫೈಸ್ ಕೂಡ ಚೆನ್ನ. ಸುತ್ತು ಬಳಸು ಇಲ್ಲದ ವೇಗ ಬೇಕಾದರೆ ರೇಜರ್‌ನ ‘ಈವಿಲ್ ಇನ್ವೇಡರ್ಸ್’ ಹಾಕಿ.

ಜರ್ಮನಿಯಲ್ಲೂ ಕತೆ ಕಾರ್ಖಾನೆ ಊರುಗಳದ್ದೇ. ರೂರ್ ಅನ್ನುವುದು ಆಗ ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆ. ಎಸೆನ್‌ನಲ್ಲಿ ಕ್ರಿಯೇಟರ್, ಪಕ್ಕದ ಗೆಲ್ಸೆನ್‌ಕಿರ್ಖನ್‌ನಲ್ಲಿ ಸೊಡಮ್ ಹುಟ್ಟಿದವು. ಸೊಡಮ್‌ನ ಟಾಮ್ ಏಂಜಲ್‌ರಿಪ್ಪರ್ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಇವರ ಥ್ರ್ಯಾಶ್ ಬೇ ಏರಿಯಾದಷ್ಟು ಒಪ್ಪ ಓರಣವಲ್ಲ. ಕ್ರಿಯೇಟರ್ 1986ರಲ್ಲಿ ‘ಪ್ಲೆಷರ್ ಟು ಕಿಲ್’ ಮಾಡಿದಾಗ ಹಾಡುಗಾರ ಮಿಲ್ಲೆ ಪೆಟ್ರೋಜಾಗೆ 18 ವರ್ಷ. ಡ್ರಮ್ಮು ಗಿಟಾರು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿರುವ ಹಾಗಿದೆ, ಈಗ ಬಿದ್ದೇಬಿಡುತ್ತವೆ ಅನ್ನಿಸುತ್ತದೆ, ಬೀಳುವುದಿಲ್ಲ. ಸೊಡಮ್‌ನ ‘ಏಜೆಂಟ್ ಆರೆಂಜ್’ 1989ರದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಸುರಿದ ವಿಷದ ಹೆಸರು ಅದು. ಆಖೆನ್ ಊರಿನ ಹೋಲಿ ಮೋಸೆಸ್ ಬಗ್ಗೆ ಜನ ಮಾತಾಡುವುದು ಕಡಿಮೆ, ಅದು ನನಗೆ ಬೇಸರ. ಸಬೀನಾ ಕ್ಲಾಸೆನ್ 1987ರ ‘ಫಿನಿಶ್ಡ್ ವಿತ್ ದ ಡಾಗ್ಸ್’ ಆಲ್ಬಮ್‌ನಲ್ಲಿ ಗುಡುಗುವುದನ್ನು ಕೇಳಿ. ಆಗ ಹೀಗೆ ಹಾಡುವ ಹೆಂಗಸರು ಇರಲಿಲ್ಲ ಅಂದರೂ ತಪ್ಪಿಲ್ಲ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕೊರೊನರ್ ಬೇರೆಯೇ ಜಾತಿ. ಮೂವರೇ ಜನ. ಮೊದಲು ಸೆಲ್ಟಿಕ್ ಫ್ರಾಸ್ಟ್ ಅನ್ನುವ ಬ್ಯಾಂಡಿನ ಸಾಮಾನು ಹೊತ್ತು, ವೇದಿಕೆ ಜೋಡಿಸುವ ಕೆಲಸ ಮಾಡುತ್ತಿದ್ದವರು. 1986ರಲ್ಲಿ ತಮ್ಮ ಡೆಮೊ ಮಾಡಿದಾಗ ಸೆಲ್ಟಿಕ್ ಫ್ರಾಸ್ಟ್‌ನ ಟಾಮ್ ವಾರಿಯರ್ ಬಂದು ಹಾಡಿಕೊಟ್ಟರು. 1987ರಿಂದ 1993ರೊಳಗೆ ಐದು ಆಲ್ಬಮ್ ಬಂದವು. ಒಂದೊಂದೂ ಹಿಂದಿನದಕ್ಕಿಂತ ಚೊಕ್ಕ. 1989ರ ‘ನೋ ಮೋರ್ ಕಲರ್’ನಲ್ಲಿ ಒಂದು ಸ್ವರವೂ ಹೆಚ್ಚಿಗೆ ಇಲ್ಲ. ಡೆನ್ಮಾರ್ಕಿನ ಆರ್ಟಿಲರಿ ಕೂಡ ಹೀಗೆ ತಪ್ಪಿಸಿಕೊಂಡ ಬ್ಯಾಂಡ್. ಅಣ್ಣತಮ್ಮ ಇಬ್ಬರ ಗಿಟಾರ್ ಅಲ್ಲಿ ಜೋಡಿಯಾಗಿ ಓಡುತ್ತದೆ. 1990ರ ‘ಬೈ ಇನ್‌ಹೆರಿಟೆನ್ಸ್’ನಲ್ಲಿ ಮಧ್ಯಪ್ರಾಚ್ಯದ ಧಾಟಿಯ ರಿಫ್‌ಗಳಿವೆ. ನಮ್ಮ ಕಿವಿಗೆ ಅವು ತಕ್ಷಣ ಹಿಡಿಸುತ್ತವೆ. ನಾನು ಎಷ್ಟೋ ಜನರಿಗೆ ಥ್ರ್ಯಾಶ್ ರುಚಿ ಹತ್ತಿಸಿದ್ದು ಈ ಆಲ್ಬಮ್‌ನಿಂದಲೇ.

ಬ್ರೆಜಿಲ್‌ನ ಸೆಪುಲ್ಟುರಾ ಈಗ ಅಪರಿಚಿತ ಹೆಸರಲ್ಲ, ಆದ್ದರಿಂದ ಜಾಸ್ತಿ ಹೇಳುವುದಿಲ್ಲ. ಆದರೆ ಅವರ ಊರಾದ ಬೆಲೊ ಹೊರಿಜೊಂಟೆಯಲ್ಲಿ ಕೊಗುಮೆಲೊ ಅನ್ನುವ ರೆಕಾರ್ಡ್ ಅಂಗಡಿ ತಾನೇ ಆಲ್ಬಮ್ ತರಲು ಶುರು ಮಾಡಿತು ಅನ್ನುವುದನ್ನು ಗಮನಿಸಿ. ಮತ್ತೆ ಅಂಗಡಿಯೇ! ಅಲ್ಲಿಂದಲೇ ಸಾರ್ಕೊಫಾಗೊ, ಮ್ಯುಟಿಲೇಟರ್ ಥರದ ಬ್ಯಾಂಡ್‌ಗಳೂ ಹೊರಬಂದವು.

ಮತ್ತೆ ಬೇ ಏರಿಯಾಕ್ಕೆ ವಾಪಸ್ ಬರೋಣ. ಡೆತ್ ಏಂಜೆಲ್ ಫಿಲಿಪೀನ್ಸ್ ಮೂಲದ ಮನೆತನಗಳ ಹುಡುಗರ ಬ್ಯಾಂಡ್. ಎಲ್ಲರೂ ಸೋದರಸಂಬಂಧಿಗಳು. ಅವರ ‘ಕಿಲ್ ಆ್ಯಸ್ ಒನ್’ ಡೆಮೊ ಮಾಡಿಸಿದವರು ಕರ್ಕ್ ಹ್ಯಾಮೆಟ್. 1987ರ ‘ದ ಅಲ್ಟ್ರಾ ವಯಲೆನ್ಸ್’ ರೆಕಾರ್ಡ್ ಮಾಡುವಾಗ ಡ್ರಮ್ಮರ್ ಆ್ಯಂಡಿ ಗಾಲಿಯಾನ್‌ಗೆ 14 ವರ್ಷ. ಹೈಸ್ಕೂಲ್ ಹುಡುಗ! ಅದರಲ್ಲಿ ಹತ್ತು ನಿಮಿಷ ದಾಟುವ, ಮಾತೇ ಇಲ್ಲದ ಹಾಡೊಂದಿದೆ. 1990ರಲ್ಲಿ ಗೆಫೆನ್ ಅನ್ನುವ ದೊಡ್ಡ ಕಂಪನಿಯಿಂದ ‘ಆ್ಯಕ್ಟ್ ತ್ರೀ’ ಬಂತು. ಇನ್ನೇನು ಗೆದ್ದರು ಅನ್ನುವಾಗ ಅರಿಜೋನಾದ ಮರುಭೂಮಿಯಲ್ಲಿ ಅವರ ಬಸ್ ಅಪಘಾತಕ್ಕೆ ಸಿಕ್ಕಿತು. ಆ್ಯಂಡಿಗೆ ತಲೆಗೆ ಪೆಟ್ಟಾಯಿತು, ಸುಧಾರಿಸಲು ವರ್ಷದ ಮೇಲೆ ಹಿಡಿಯಿತು. ಬ್ಯಾಂಡ್ ಒಡೆಯಿತು. ಅವರು ಮತ್ತೆ ಒಟ್ಟಿಗೆ ವೇದಿಕೆ ಹತ್ತಿದ್ದು 2001ರ ಆಗಸ್ಟ್‌ನಲ್ಲಿ. ಅದೇ ಸೀಮೆಯ ಟೆಸ್ಟಮೆಂಟ್ ಬ್ಯಾಂಡಿನ ಹಾಡುಗಾರ ಚಕ್ ಬಿಲ್ಲಿಗೆ ಕ್ಯಾನ್ಸರ್ ಬಂದಿತ್ತು. ಚಿಕಿತ್ಸೆಗೆ ದುಡ್ಡು ಕೂಡಿಸಲು ಹಳೆಯ ಬೇ ಏರಿಯಾ ಬ್ಯಾಂಡ್‌ಗಳೆಲ್ಲ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಟ್ಟು ಸೇರಿದವು. ಚಕ್ ಬಿಲ್ಲಿ ಗುಣವಾದರು. ಡೆತ್ ಏಂಜೆಲ್ ಆಮೇಲೆ ನಿಲ್ಲಲೇ ಇಲ್ಲ. ಅದೇ ಸೀಮೆಯ ಫರ್ಬಿಡನ್, ವಯಲೆನ್ಸ್, ಹೀದನ್ ಇವರ ಮೊದಲ ಆಲ್ಬಮ್‌ಗಳನ್ನೂ ಹುಡುಕಿ ಕೇಳಿ. ಮೂರೂ 1987, 88ರಲ್ಲಿ ಬಂದವು.

ಲಾಸ್ ಏಂಜಲೀಸ್‌ನ ಡಾರ್ಕ್ ಏಂಜೆಲ್ 1986ರಲ್ಲಿ ‘ಡಾರ್ಕ್‌ನೆಸ್ ಡಿಸೆಂಡ್ಸ್’ ತಂದರು. ಅದೇ ವರ್ಷ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಬಂದಿದ್ದರಿಂದ ಇದು ಅದರ ನೆರಳಿಗೆ ಬಿತ್ತು. ಜೀನ್ ಹೊಗ್ಲನ್ ಅವರ ಡ್ರಮ್ ಕೇಳಿದರೆ ಅದು ಎಂಥ ಅನ್ಯಾಯ ಅಂತ ಗೊತ್ತಾಗುತ್ತದೆ. ಇದೇ ಬ್ಯಾಂಡ್ 1991ರಲ್ಲಿ ಒಂದು ಆಲ್ಬಮ್ ಮೇಲೆ ‘9 ಹಾಡು, 67 ನಿಮಿಷ, 246 ರಿಫ್’ ಅಂತ ಚೀಟಿ ಅಂಟಿಸಿ ಮಾರಿತು.

ತೀರ ಮರೆತುಹೋದವರಲ್ಲಿ ಒಬ್ಬರನ್ನು ಹೇಳಲೇಬೇಕು. ವಿಸ್ಕಾನ್ಸಿನ್‌ನ ಶೆಬಾಯ್ಗನ್ ಅನ್ನುವ ಪುಟ್ಟ ಊರಿನ ಮಾರ್ಬಿಡ್ ಸೇಂಟ್. ಸುತ್ತ ಥ್ರ್ಯಾಶ್ ಊರು ಒಂದೂ ಇಲ್ಲ. ಅವರ ‘ಸ್ಪೆಕ್ಟ್ರಮ್ ಆಫ್ ಡೆತ್’ ತಂದಿದ್ದು ಮೆಕ್ಸಿಕೊದ ಸಣ್ಣ ಕಂಪನಿಯೊಂದು, 1990ರಲ್ಲಿ. ಅರ್ಧ ಗಂಟೆ ಚಿಲ್ಲರೆ, ಉಸಿರಾಡಲು ಬಿಡುವುದಿಲ್ಲ. ಮರುವರ್ಷವೇ ಮೆಟಾಲಿಕಾದ ಕಪ್ಪು ಹೊದಿಕೆಯ ಆಲ್ಬಮ್ ಬಂತು, ನಿರ್ವಾಣ ಅನ್ನುವ ರಾಕ್ ಬ್ಯಾಂಡಿನ ಆಲ್ಬಮ್ ಬಂತು, ಕಂಪನಿಗಳು ಥ್ರ್ಯಾಶ್ ಕಡೆ ನೋಡುವುದನ್ನೇ ಬಿಟ್ಟವು. ನ್ಯೂಯಾರ್ಕಿನ ಬ್ರಾಂಕ್ಸ್‌ನ ಡೆಮಾಲಿಶನ್ ಹ್ಯಾಮರ್ 1992ರಲ್ಲಿ ‘ಎಪಿಡೆಮಿಕ್ ಆಫ್ ವಯಲೆನ್ಸ್’ ತಂದಾಗ ಕೇಳಲು ಜನವೇ ಇರಲಿಲ್ಲ. ಇವತ್ತು ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ನಮ್ಮ ಬೆಂಗಳೂರಿಗೂ ಈ ಕತೆಯಲ್ಲಿ ಜಾಗ ಇದೆ. 2008ರಲ್ಲಿ ಮೆಗಾಡೆತ್, 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ, 2012ರಲ್ಲಿ ಸ್ಲೇಯರ್ ಇಲ್ಲಿ ನುಡಿಸಿದರು. 1998ರಲ್ಲಿ ಇಲ್ಲೇ ಶುರುವಾದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಅವರದು ಪೂರ್ತಿ ಥ್ರ್ಯಾಶ್ ಅಲ್ಲ, ಹಳೆಯ ಹೆವಿ ಮೆಟಲ್ ಕಡೆ ಒಲವು ಜಾಸ್ತಿ. ಆದರೆ ಬಲಗೈ ಥ್ರ್ಯಾಶ್‌ನದೇ. ನಾನು ಇವೆಲ್ಲ ಕೇಳಲು ಶುರು ಮಾಡಿದ್ದು ಕಾಪಿಯ ಕಾಪಿ ಕ್ಯಾಸೆಟ್‌ಗಳಲ್ಲಿ. ಹಾಡಿಗಿಂತ ಹಿಸ್ಸೆನ್ನುವ ಸದ್ದೇ ಜಾಸ್ತಿ ಇರುತ್ತಿತ್ತು. ಹಾಡಿನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿರುತ್ತಿದ್ದರು. ಎಷ್ಟೋ ಬ್ಯಾಂಡ್‌ಗಳ ಹೊದಿಕೆ ಚಿತ್ರ ನಾನು ನೋಡಿದ್ದು ಬಹಳ ವರ್ಷ ಆದಮೇಲೆ.

ಈಗ ನಿಮ್ಮಣ್ಣನ ವಿಷಯ. ಎಲ್ಲಾ ಒಂದೇ ಥರ ಅನ್ನುವವರಿಗೆ ಇಡೀ ಆಲ್ಬಮ್ ಕೇಳಿಸಬೇಡಿ. ಮೂರು ಹಾಡು ಸಾಕು. ಮೊದಲು ಆರ್ಟಿಲರಿಯ ‘ಖೊಮೇನಿಯಾಕ್’, ಧಾಟಿಗೋಸ್ಕರ. ಆಮೇಲೆ ವೊಯ್‌ವೊಡ್‌ನ ‘ಟ್ರೈಬಲ್ ಕನ್ವಿಕ್ಷನ್ಸ್’, ಬರೀ ಡ್ರಮ್ ಗಮನಿಸು ಅಂತ ಹೇಳಿ. ಮೂರನೆಯದು ಕೊರೊನರ್‌ನ ‘ಮಾಸ್ಕ್ಡ್ ಜ್ಯಾಕಲ್’. ಮೊಬೈಲ್ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಸತ್ತುಹೋಗುತ್ತದೆ, ಉಳಿಯುವುದು ನಿಜವಾಗಿಯೂ ಗದ್ದಲವೇ. ಒಳ್ಳೆಯ ಹೆಡ್‌ಫೋನ್ ಕೊಡಿ. ಗಿಟಾರಿನಲ್ಲಿ ಕೈ ಮುಚ್ಚುವುದು ತೆರೆಯುವುದು ಎಲ್ಲಿ ಅಂತ ಒಂದೆರಡು ಸಲ ಬೆರಳು ಕುಟ್ಟಿ ತೋರಿಸಿ. ಮೂರೂ ಮುಗಿದ ಮೇಲೆ ‘ಬಾಂಡೆಡ್ ಬೈ ಬ್ಲಡ್’ನ ಮೊದಲ ಹಾಡು ಹಾಕಿ, ಏನೂ ಹೇಳಬೇಡಿ. ಅಷ್ಟು ಹೊತ್ತಿಗೆ ಅವನ ಕಿವಿ ತಾನಾಗಿಯೇ ಬಲಗೈಯನ್ನು ಹುಡುಕುತ್ತಿರುತ್ತದೆ.